ವ್ಯಾನಿನಲ್ಲಿ ಮಗನನ್ನು ದಿನಾ ರೇಗಿಸುತ್ತಾರೆ, ಶಾಲೆಯವರು "ವ್ಯಾನ್ ನಮ್ಮದಲ್ಲ" ಅಂತಾರೆ. ಏನು ಮಾಡಲಿ?

ಹುಣಸೂರಿನ_ಅಮ್ಮ:

ನನ್ನ ಮಗ ಐದನೇ ಕ್ಲಾಸ್. ಮಾತಾಡುವಾಗ ತೊದಲುತ್ತಾನೆ, ಅದರಲ್ಲೂ "ಪ", "ಬ" ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಿಲ್ಲ. ಈ ವರ್ಷ ಜೂನ್‌ನಿಂದ ವ್ಯಾನಿಗೆ ಹಾಕಿದ್ದೇವೆ. ಹಿಂದಿನ ಸೀಟಿನಲ್ಲಿ ಎಂಟನೇ ಕ್ಲಾಸಿನ ಮೂರು ಹುಡುಗರು ಕೂರುತ್ತಾರೆ. ಒಂದು ದಿನ ಟಿಫನ್ ಬಾಕ್ಸಿಗೆ ಏನು ತಂದಿದ್ದೀಯ ಅಂತ ಕೇಳಿದರಂತೆ. "ಪಲಾವ್" ಅನ್ನಲು ಇವನಿಗೆ ಆಗಲಿಲ್ಲ. ಅವತ್ತಿನಿಂದ ಇವನು ವ್ಯಾನ್ ಹತ್ತಿದ ಕೂಡಲೇ "ಪ-ಪ-ಪಲಾವ್ ಬಂತು" ಅಂತ ಕೂಗುತ್ತಾರೆ, ಇಡೀ ವ್ಯಾನ್ ನಗುತ್ತದೆ. ಈಗೀಗ ಬ್ಯಾಗ್ ಬಚ್ಚಿಡುತ್ತಾರೆ. ಹೋದ ವಾರ ನೀರಿನ ಬಾಟಲಿಯನ್ನು ಕಿಟಕಿಯಿಂದ ಆಚೆ ಎಸೆದಿದ್ದಾರೆ.

ಭಾನುವಾರ ಸಂಜೆ ಆದರೆ ಸಾಕು, ಹೊಟ್ಟೆನೋವು ಅಂತಾನೆ. ಹೆಡ್‌ಮಿಸ್ ಹತ್ತಿರ ಹೋದೆ. "ವ್ಯಾನ್ ಪ್ರೈವೇಟು, ನಮಗೆ ಸಂಬಂಧ ಇಲ್ಲ. ನಿಮ್ಮ ಹುಡುಗನೂ ಸ್ವಲ್ಪ ಗಟ್ಟಿ ಆಗಬೇಕು" ಅಂದರು. ನಮ್ಮ ಯಜಮಾನರು "ಒಂದು ಬಾರಿಸು ಅಂತ ಹೇಳಿಕೊಡು" ಅಂತಾರೆ. ಅತ್ತೆ "ಸುಮ್ನಿರು, ಗಲಾಟೆ ಮಾಡಿದರೆ ಮಗೂಗೇ ಜಾಸ್ತಿ ಕಷ್ಟ" ಅಂತಾರೆ. ಆ ಮೂವರಲ್ಲಿ ಒಬ್ಬನ ಮನೆ ನಮ್ಮ ಬೀದಿಯಲ್ಲೇ ಇದೆ. ಹೋಗಿ ಕೇಳಲಾ?

ರಿಟೈರ್ಡ್_ಮೇಷ್ಟ್ರು:

ತಾಯಿ, ಆ ಮನೆಗೆ ಮಾತ್ರ ಹೋಗಬೇಡಿ. ಬಾಗಿಲಲ್ಲಿ ನಿಂತು ಕೇಳಿದ ಮಾತು ಐದೇ ನಿಮಿಷಕ್ಕೆ ದೊಡ್ಡವರ ಜಗಳ ಆಗುತ್ತದೆ. ಮಾರನೇ ದಿನ ವ್ಯಾನಿನಲ್ಲಿ ಅದರ ಬಡ್ಡಿ ಕಟ್ಟುವವನು ನಿಮ್ಮ ಮಗ. ಬಾರಿಸುವುದೂ ಬೇಡ. ಐದನೇ ಕ್ಲಾಸಿನವನು ಎಂಟನೇ ಕ್ಲಾಸಿನ ಮೂವರಿಗೆ ಬಾರಿಸುವುದಾದರೂ ಹೇಗೆ? ಒಂದು ವೇಳೆ ಹೊಡೆದರೆ, ಶಾಲೆಯವರು ಮೊದಲು ಕರೆಸುವುದು ನಿಮ್ಮನ್ನೇ.

ಹೈಸ್ಕೂಲಿನಲ್ಲಿ ಇದ್ದಾಗ ನಾನು ಇಂಥದ್ದು ಬಹಳ ನೋಡಿದ್ದೇನೆ. ಶಾಲೆಯವರು "ಮಕ್ಕಳ ಆಟ" ಅಂತ ತಳ್ಳಿಹಾಕುತ್ತಾರೆ. ನಾರ್ವೆಯ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಲು ಶುರುಮಾಡಿದವರು. ಆಟವೋ ಪೀಡನೆಯೋ ಅಂತ ತಿಳಿಯಲು ಅವರು ಮೂರು ವಿಷಯ ನೋಡಿ ಅಂದಿದ್ದರು: ಬೇಕೆಂದೇ ಮಾಡುತ್ತಿದ್ದಾರಾ, ಮತ್ತೆ ಮತ್ತೆ ಮಾಡುತ್ತಿದ್ದಾರಾ, ಎದುರಿನವನಿಗೆ ತಿರುಗಿ ನಿಲ್ಲುವ ಬಲ ಇಲ್ಲವಾ. ನಿಮ್ಮಲ್ಲಿ ಮೂರೂ ಇವೆ. ಹಾಗಾಗಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ "ಸಾರಿ ಹೇಳು, ಕೈ ಕೊಡು" ಅನ್ನುವ ರಾಜಿಗೆ ಒಪ್ಪಬೇಡಿ. ರಾಜಿ ಆಗುವುದು ಸಮಬಲದವರ ಜಗಳದಲ್ಲಿ. ಇಲ್ಲಿ ಆ ಹುಡುಗರ ಮುಂದೆ ನಿಂತು ಬಾಯಿಬಿಡಲು ನಿಮ್ಮ ಮಗನಿಗೆ ಆಗುವುದೇ ಇಲ್ಲ. ಇವನನ್ನು ಬೇರೆ ಕೂರಿಸಿ ಕೇಳಲಿ. ಆ ಮೂವರನ್ನೂ ಒಟ್ಟಿಗೆ ಅಲ್ಲ, ಒಬ್ಬೊಬ್ಬರನ್ನಾಗಿ ಕರೆಸಲಿ. ಒಟ್ಟಿಗೆ ಬಂದರೆ ಒಂದೇ ಕಥೆ ಹೇಳುತ್ತಾರೆ.

ನನಗೆ ಆ ಮೂವರಿಗಿಂತ ಮುಖ್ಯ ಅನ್ನಿಸಿದ್ದು ನಿಮ್ಮ ಒಂದು ಸಾಲು: "ಇಡೀ ವ್ಯಾನ್ ನಗುತ್ತದೆ." ಕೂಗುವವನಿಗೆ ಬೇಕಾದದ್ದು ಆ ನಗುವೇ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದವರು ಮಾಡಿದ ಕಿವಾ ಅನ್ನುವ ಕಾರ್ಯಕ್ರಮ 2009ರಿಂದ ಅಲ್ಲಿನ ಶಾಲೆಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಹೆಚ್ಚು ಕೆಲಸ ನಡೆಯುವುದು ಸುತ್ತ ನಿಂತು ನೋಡುವ ಮಕ್ಕಳ ಜೊತೆ. ನೀವೂ ಆ ವ್ಯಾನಿನಲ್ಲಿ ನಗದೇ ಇರುವ ಒಂದು ಮಗುವನ್ನು ಹುಡುಕಿ, ಇದ್ದೇ ಇರುತ್ತದೆ. ಅದರ ಮನೆಯವರ ಜೊತೆ ಮಾತಾಡಿ, ಇಬ್ಬರೂ ಪಕ್ಕಪಕ್ಕ ಕೂರುವ ಹಾಗೆ ಮಾಡಿ. ಆ ಮಗು ಯಾರ ಜೊತೆಗೂ ಜಗಳ ಆಡಬೇಕಿಲ್ಲ, ಪಕ್ಕದಲ್ಲಿದ್ದು ಬೇರೆ ಏನೋ ಮಾತಾಡುತ್ತಿದ್ದರೆ ಸಾಕು.

ಇನ್ನು ಶಾಲೆ. ಬಾಯಿಮಾತು ಸಾಕು, ಬರೆದು ಕೊಡಿ. ಸುಮ್ನೆ "ರೇಗಿಸುತ್ತಾರೆ" ಅಂತ ಬರೆದರೆ ಕೆಲಸ ಆಗಲ್ಲ. ಯಾವ ತಾರೀಖು, ಎಲ್ಲಿ, ಏನಂದರು, ಏನು ಎಸೆದರು, ಯಾರು ನೋಡಿದರು, ಎಲ್ಲಾ ಇರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ ಹಾಕಿಸಿ ಇಟ್ಟುಕೊಳ್ಳಿ. ರಾಜ್ಯದ 2016ರ ಮಕ್ಕಳ ರಕ್ಷಣಾ ನೀತಿಯ ಪ್ರಕಾರ ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರಬೇಕು. ಪತ್ರದ ಕೊನೆಗೆ "ಇದನ್ನು ಸಮಿತಿಯ ಮುಂದಿಡಿ" ಅಂತ ಸೇರಿಸಿ. ಸಿಬಿಎಸ್‌ಇ ಶಾಲೆಯಾದರೆ, ಬೋರ್ಡೇ 2015ರಲ್ಲಿ ಇಂಥ ಪೀಡನೆ ತಡೆಯುವ ಬಗ್ಗೆ ಸುತ್ತೋಲೆ ಕಳಿಸಿದೆ, ಅದನ್ನೂ ಹೇಳಿ. ವ್ಯಾನ್ ಯಾರದ್ದಾದರೂ ಆಗಲಿ, ಒಳಗೆ ಕೂತಿರುವ ನಾಲ್ವರೂ ಅದೇ ಶಾಲೆಯ ಯೂನಿಫಾರ್ಮ್ ಹಾಕಿದ್ದಾರೆ ಅಲ್ವಾ?

ಶಾಲೆ ಕದಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅದೇ ಪತ್ರ ಕೊಡಿ. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಯಾವತ್ತಾದರೂ ಮೈಮೇಲೆ ಗಾಯ ಕಂಡರೆ, ಅಥವಾ "ನಾನು ಇರಲೇಬಾರದು" ಅನ್ನುವಂಥ ಮಾತು ಮಗನ ಬಾಯಲ್ಲಿ ಬಂದರೆ, ಈ ಮೆಟ್ಟಿಲು ಯಾವುದನ್ನೂ ಕಾಯಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ರಾತ್ರಿಯೂ ತೆಗೆಯುತ್ತಾರೆ, ಖರ್ಚಿಲ್ಲ.

ತೊದಲಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಿಮಗೆ ಹತ್ತಿರವೇ. ಹೋಗಿ ಬನ್ನಿ, ಆದರೆ ಅವನಿಗೆ "ನೀನು ಸರಿಯಾದರೆ ಅವರು ಬಿಡುತ್ತಾರೆ" ಅಂತ ಮಾತ್ರ ಹೇಳಬೇಡಿ. ಸರಿಯಾಗಬೇಕಿರುವುದು ಹಿಂದಿನ ಸೀಟು.

ವ್ಯಾನ್_ಡ್ರೈವರ್_ಮಂಡ್ಯ:

ಅಕ್ಕ, ನಾನೂ ಮಕ್ಕಳ ವ್ಯಾನ್ ಓಡಿಸುತ್ತೇನೆ. ರಸ್ತೆ ನೋಡಿಕೊಂಡು ಓಡಿಸುವಾಗ ಹಿಂದೆ ಏನು ನಡೀತಿದೆ ಅಂತ ನಿಜವಾಗಿ ಗೊತ್ತಾಗಲ್ಲ, ಬರೀ ಗಲಾಟೆ ಕೇಳುತ್ತೆ. ಡ್ರೈವರಿಗೆ ಬೈಯಬೇಡಿ, ಬೆಳಿಗ್ಗೆ ಎಲ್ಲರ ಮುಂದೆಯೂ ಹೇಳಬೇಡಿ. ಸಂಜೆ ಟ್ರಿಪ್ ಮುಗಿದ ಮೇಲೆ ಫೋನ್ ಮಾಡಿ. "ನಮ್ಮ ಹುಡುಗನ್ನ ಮುಂದೆ ಕೂರಿಸಿ" ಅನ್ನುವ ಬದಲು "ಆ ದೊಡ್ಡ ಹುಡುಗರನ್ನ ನಿಮ್ಮ ಬೆನ್ನ ಹಿಂದಿನ ಸೀಟಿಗೆ ತನ್ನಿ" ಅನ್ನಿ. ನಿಮ್ಮವನನ್ನೇ ಜಾಗ ಬಿಡಿಸಿದರೆ ಅದಕ್ಕೂ ಒಂದು ಹೆಸರು ಇಡುತ್ತಾರೆ. ನಾನು ಎಲ್ಲರಿಗೂ ಸೀಟು ಫಿಕ್ಸ್ ಮಾಡಿಬಿಟ್ಟಿದ್ದೇನೆ. ಕಿಟಕಿ ಜಾಗಕ್ಕೆ ಕಿತ್ತಾಡುವುದೂ ನಿಂತಿದೆ.

ಎರಡು_ಮಕ್ಕಳ_ತಾಯಿ:

ನಾನು ಆ ಕಡೆಯವಳು. ನನ್ನ ದೊಡ್ಡ ಮಗನ ಮೇಲೆ ಇಂಥದ್ದೇ ದೂರು ಬಂದಿತ್ತು. ಮೊದಲು ಒಬ್ಬರು ಗೇಟಿನ ಹತ್ತಿರ ಬಂದು ಕೂಗಾಡಿದರು. ನಮ್ಮ ಮನೆಯವರು ಮಗನ ಪರವಾಗಿಯೇ ನಿಂತರು. ಆಮೇಲೆ ಕ್ಲಾಸ್ ಟೀಚರ್ ಕರೆಸಿ, ತಾರೀಖಿನ ಸಮೇತ ಏನೇನಾಗಿದೆ ಅಂತ ಓದಿ ಹೇಳಿದರು. ಆಗ ವಾದ ಮಾಡಲು ಏನೂ ಉಳಿಯಲಿಲ್ಲ. ಮೇಷ್ಟ್ರು ಹೇಳಿದ್ದು ನಿಜ, ಬರೆದಿಟ್ಟುಕೊಳ್ಳಿ.

ಹುಣಸೂರಿನ_ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಡ್ರೈವರಿಗೆ ಫೋನ್ ಮಾಡಿದೆ, ಸೋಮವಾರದಿಂದ ಆ ಮೂವರನ್ನು ಮುಂದೆ ತಂದಿದ್ದಾರೆ. ಪತ್ರಕ್ಕೆ ಸೀಲು ಹಾಕಲು ಆಫೀಸಿನವರು ಒಪ್ಪಲಿಲ್ಲ, "ಮೇಡಂ ಇಲ್ಲ, ನಾಳೆ ಬನ್ನಿ" ಅಂದರು. ನಾಳೆಯೂ ಹೀಗೇ ಅಂದರೆ?

ರಿಟೈರ್ಡ್_ಮೇಷ್ಟ್ರು:

ನಾಳೆಗೆ ಕಾಯಬೇಡಿ. ಇವತ್ತೇ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಮುಖ್ಯೋಪಾಧ್ಯಾಯರ ಹೆಸರಿಗೆ. ರಸೀದಿಯೇ ನಿಮ್ಮ ಸೀಲು. ಎಸೆದ ಬಾಟಲಿಯ ವಿಷಯವನ್ನೂ ಅದರಲ್ಲಿ ಬರೆಯಿರಿ, ಮರೆಯಬೇಡಿ.