ಕೇಳದೆಯೇ ಮಗಳನ್ನು ‘ಗೃಹಾಧಾರಿತ ಶಿಕ್ಷಣ’ಕ್ಕೆ ಸೇರಿಸಿದ್ದಾರೆ, ದೂರು ಯಾರಿಗೆ ಕೊಡಬೇಕು?

ಪ್ರಶ್ನೆ: ಒಬ್ಬ ತಂದೆ, ಮಧುಗಿರಿ ಕಡೆಯಿಂದ

ನಮ್ಮದು ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿ. ಮಗಳಿಗೆ ಒಂಬತ್ತು ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇರುವುದರಿಂದ ಕಾಲುಗಳಿಗೆ ಹಿಡಿತವಿಲ್ಲ, ಮಾತು ತಡವಾಗಿ ಹೊರಡುತ್ತದೆ. ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ನ್ಯೂನತೆ ಶೇ 75 ಎಂದು ನಮೂದಾಗಿದೆ. ಮೂರು ವರ್ಷ ನನ್ನ ಹೆಂಡತಿ ಆಕೆಯನ್ನು ಸೊಂಟದ ಮೇಲೆ ಎತ್ತಿಕೊಂಡು ಊರಿನ ಸರ್ಕಾರಿ ಶಾಲೆಗೆ ಬಿಟ್ಟು, ಊಟದ ಬಿಡುವಿನಲ್ಲಿ ಮತ್ತೊಮ್ಮೆ ಹೋಗಿ ಶೌಚಕ್ಕೆ ಕರೆದೊಯ್ದು ಬರುತ್ತಿದ್ದಳು. ನಲಿಕಲಿ ಕೊಠಡಿಯಲ್ಲಿ ಎಲ್ಲ ಮಕ್ಕಳೂ ನೆಲದ ಮೇಲೆ ಕೂರುತ್ತಿದ್ದುದರಿಂದ ಅಷ್ಟಾಗಿ ತೊಂದರೆಯಾಗಲಿಲ್ಲ. ಈ ಜೂನ್‌ನಲ್ಲಿ ನಾಲ್ಕನೆಯ ತರಗತಿಗೆ ಬಂದಾಗ, ಡೆಸ್ಕಿನಲ್ಲಿ ಕೂರಿಸುವುದು ಕಷ್ಟ, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ, ನೋಡಿಕೊಳ್ಳಲು ಆಯಾ ಇಲ್ಲ, ಸ್ವಲ್ಪ ದಿನ ಮನೆಯಲ್ಲೇ ಇರಲಿ ಎಂದು ಶಾಲೆಯವರು ಹೇಳಿದರು. ನಾವು ಒಪ್ಪಿದೆವು ಎನ್ನುವುದಕ್ಕಿಂತ ಎದುರು ಮಾತಾಡಲಿಲ್ಲ ಎನ್ನುವುದು ಸರಿ.

ದಸರಾ ರಜೆ ಮುಗಿದ ಮೇಲೆ ವಿಚಾರಿಸಿದಾಗ, ಆಕೆಯ ಹೆಸರಿನ ಮುಂದೆ ‘ಗೃಹಾಧಾರಿತ ಶಿಕ್ಷಣ, ಪೋಷಕರ ಇಚ್ಛೆಯ ಮೇರೆಗೆ’ ಎಂಬ ಷರಾ ಇರುವುದು ಗೊತ್ತಾಯಿತು. ನಮ್ಮ ಇಚ್ಛೆಯನ್ನು ಯಾರೂ ಕೇಳಿರಲಿಲ್ಲ. ಮನೆಗೆ ಬಂದು ಕಲಿಸಬೇಕಾದ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ತಾಲ್ಲೂಕು ಮಟ್ಟದ ಸಂಪನ್ಮೂಲ) ಶಿಕ್ಷಕರು ಈವರೆಗೆ ನಾಲ್ಕು ಸಲ ಬಂದಿದ್ದಾರೆ. ಬಂದಾಗ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಭೇಟಿ ಪುಸ್ತಕದಲ್ಲಿ ನನ್ನ ಹೆಂಡತಿಯ ಹನ್ನೊಂದು ಸಹಿಗಳಿವೆ. ಪಂಚಾಯಿತಿಯಲ್ಲಿ ಹೇಳಿಕೊಂಡರೆ ಶಾಲೆ ಶಿಕ್ಷಣ ಇಲಾಖೆಗೆ ಸೇರಿದ್ದು ಎನ್ನುತ್ತಾರೆ, ಇಲಾಖೆಯವರನ್ನು ಕೇಳಿದರೆ ಶೌಚಾಲಯದ ಕೆಲಸ ಪಂಚಾಯಿತಿಯದು ಎನ್ನುತ್ತಾರೆ. ಮಗಳು ಜಗುಲಿಯ ಮೇಲೆ ಕುಳಿತು ತಾನೇ ಮೇಡಂ ಆಗಿ ಹಾಜರಿ ಕರೆಯುತ್ತಾಳೆ. ಗೆಳತಿಯರ ಹೆಸರುಗಳನ್ನೆಲ್ಲ ಕೂಗಿ, ತನ್ನ ಹೆಸರು ಬಂದಾಗ ತಾನೇ ‘ಬಂದಿದ್ದೀನಿ ಮಿಸ್’ ಎನ್ನುತ್ತಾಳೆ. ಆಕೆಯನ್ನು ಮತ್ತೆ ಶಾಲೆಗೆ ಕಳಿಸಬೇಕು. ದಾರಿ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ತಿಪಟೂರು

ತಾವು ಬರೆದಿರುವುದರಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಆ ಷರಾ. ಶಿಕ್ಷಣ ಹಕ್ಕು ಕಾಯ್ದೆಯ 3ನೆಯ ಕಲಂಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ತೀವ್ರ ನ್ಯೂನತೆ ಅಥವಾ ಬಹುವಿಧ ನ್ಯೂನತೆಯುಳ್ಳ ಮಗುವಿಗೆ ಮನೆಯಲ್ಲಿ ಕಲಿಯುವುದನ್ನು ಆಯ್ದುಕೊಳ್ಳುವ ಹಕ್ಕಿದೆ. ಆಯ್ಕೆ ಮಗುವಿನ ಕಡೆಯವರದೇ ಹೊರತು, ಬಾಗಿಲು ಕಿರಿದಾಗಿದೆ ಎಂಬ ಕಾರಣಕ್ಕೆ ಶಾಲೆ ತಾನಾಗಿ ಬರೆದುಕೊಳ್ಳುವಂಥದ್ದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೆಯ ಕಲಂ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕು ಕೊಟ್ಟಿದೆ. ಕಟ್ಟಡವನ್ನು ಮಗು ಬಳಸುವಂತೆ ಮಾಡಬೇಕೆಂಬುದೂ, ಓಡಾಟಕ್ಕೆ ಮತ್ತು ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆಗಾರರಿಗೆ ಸಾರಿಗೆ ಒದಗಿಸಬೇಕೆಂಬುದೂ ಅದೇ ಕಾಯ್ದೆಯ 16ನೆಯ ಕಲಂನಲ್ಲಿದೆ.

ಇನ್ನು ದೂರಿನ ವಿಚಾರ. ಇಷ್ಟು ತಿಂಗಳು ತಾವು ಎಲ್ಲವನ್ನೂ ಬಾಯಲ್ಲಿ ಹೇಳಿಕೊಂಡು ಬಂದಂತೆ ಕಾಣುತ್ತದೆ. ಬಾಯಿಮಾತಿನ ದೂರಿಗೆ ಕಡತವಿಲ್ಲ, ಕಡತವಿಲ್ಲದ ಮೇಲೆ ವಿಷಯ ನಿರ್ವಾಹಕರೂ ಇಲ್ಲ. ಮೂವತ್ತು ವರ್ಷ ಆ ಕುರ್ಚಿಗಳ ಹತ್ತಿರವೇ ಇದ್ದವನು ನಾನು, ಸಂಕೋಚವಿಲ್ಲದೆ ಹೇಳುತ್ತಿದ್ದೇನೆ. ಮೊದಲು ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ ಬರೆಯಿರಿ: ಗೃಹಾಧಾರಿತ ಶಿಕ್ಷಣವನ್ನು ನಾವು ಕೋರಿಲ್ಲ, ಷರಾ ತೆಗೆದು ಮಗುವನ್ನು ಇಂಥ ದಿನದಿಂದ ತರಗತಿಗೆ ಸೇರಿಸಿಕೊಳ್ಳಬೇಕು, ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಹಿಂಬರಹದ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಮೂಲಕ ತಿಳಿಸಬೇಕು ಎಂದು. ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ‘ಆಗುವುದಿಲ್ಲ’ ಎಂದು ಬಾಯಲ್ಲಿ ಸಲೀಸಾಗಿ ಹೇಳುವವರು ಅದನ್ನೇ ಹಿಂಬರಹದಲ್ಲಿ ಬರೆದು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ.

ಮತ್ತೊಂದು ಮಾತು. ತುಮಕೂರು ಕಂದಾಯ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳು ಮಧುಗಿರಿಯಲ್ಲಿರುವ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ವ್ಯಾಪ್ತಿಗೆ ಬರುತ್ತವೆ. ಇದನ್ನು ಗಮನಿಸದೆ ತುಮಕೂರಿಗೆ ಬರೆದರೆ, ಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ವಾರಗಳು ಕಳೆಯುತ್ತವೆ.

ಉತ್ತರ: ಒಬ್ಬ ತಾಯಿ, ಗುಬ್ಬಿ ತಾಲ್ಲೂಕು

ಮೇಷ್ಟ್ರು ಹೇಳಿದ ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೂರು ಕೊಟ್ಟ ಮರುದಿನವೂ ಮಗು ಅದೇ ಶಾಲೆಯಲ್ಲಿ, ಅದೇ ಶಿಕ್ಷಕರ ಎದುರು ಕೂರಬೇಕಲ್ಲವೇ? ನನ್ನ ಮಗನಿಗೆ ಆಟಿಸಂ ಇದೆ. ನಾನು ಮೂರು ವರ್ಷಗಳ ಹಿಂದೆ ಮೇಲಧಿಕಾರಿಗಳಿಗೆ ಬರೆದೆ. ಗೆದ್ದೆ ಎಂದೇ ಹೇಳಬೇಕು. ಆಮೇಲೆ ಶಾಲೆಯಲ್ಲಿ ಎಲ್ಲರೂ ನನ್ನೊಡನೆ ಬಹಳ ಮರ್ಯಾದೆಯಿಂದ ಮಾತಾಡಿದರು, ಅವನಿಗೆ ಮಾತ್ರ ಯಾರೂ ಏನೂ ಹೇಳಿಕೊಡಲಿಲ್ಲ. ಆದ್ದರಿಂದ ಅರ್ಜಿ ಕೊಡುವ ದಿನವೇ ಮಗಳನ್ನೂ ಕರೆದುಕೊಂಡು ಹೋಗಿ ತರಗತಿಯಲ್ಲಿ ಕೂರಿಸಿ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರಿಚಯದವರಿದ್ದರೆ ಅವರನ್ನೂ ಜೊತೆಗೆ ಕರೆಯಿರಿ. ಬರಿಯ ಹಾಳೆ ಹೋದರೆ ಅದು ದೂರಾಗುತ್ತದೆ, ಮಗುವೂ ಹೋದರೆ ಬೇಡ ಎನ್ನುವುದು ಕಷ್ಟವಾಗುತ್ತದೆ.

ಭೇಟಿ ಪುಸ್ತಕದ ವಿಷಯದಲ್ಲಿ, ಇನ್ನು ಮುಂದೆ ಬಾರದ ದಿನಕ್ಕೆ ಸಹಿ ಹಾಕಬೇಡಿರೆಂದು ಮನೆಯವರಿಗೆ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಬಂದ ದಿನಗಳನ್ನಷ್ಟೇ ಗುರುತು ಹಾಕಿಡಿ. ಆದರೆ ದೂರಿನಲ್ಲಿ ಆ ಶಿಕ್ಷಕರನ್ನು ಗುರಿ ಮಾಡಬೇಡಿ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಬಿಐಇಆರ್‌ಟಿಗಳು. ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವವರ ಮೇಲೆ ಬರೆದರೆ ತಪ್ಪು ಅವರ ತಲೆಗೆ ಕಟ್ಟಿ ಕಡತ ಮುಚ್ಚುತ್ತಾರೆ. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗೆ ಹೆಸರು ಹೋಗಿದೆಯೇ ಎಂದು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಅವರ ಮೂಲಕವೇ ವಿಚಾರಿಸಬಹುದು.

ಉತ್ತರ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಶಿರಾ ತಾಲ್ಲೂಕು

ಪಂಚಾಯಿತಿ ಕೈ ತೊಳೆದುಕೊಳ್ಳುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಕಲಂ ಪ್ರಕಾರ, ಮಗುವಿನ ಹಕ್ಕಿಗೆ ಸಂಬಂಧಿಸಿದ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರವೇ ಸ್ವೀಕರಿಸಿ, ಎರಡೂ ಕಡೆಯವರನ್ನು ಕೇಳಿ, ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಇದರ ಜೊತೆಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೂ ಬರೆಯಬಹುದು. ಅವರು ಶಿಫಾರಸು ಮಾಡಿದರೆ, ಸಂಬಂಧಪಟ್ಟ ಇಲಾಖೆ ಏನು ಕ್ರಮ ಕೈಗೊಂಡಿತೆಂದು ಮೂರು ತಿಂಗಳೊಳಗೆ ತಿಳಿಸಲೇಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು.

ಶೌಚಾಲಯಕ್ಕೆ ಇಷ್ಟೆಲ್ಲ ಬೇಕಿಲ್ಲ. ವಿಕಲಚೇತನರಿಗಾಗಿ ಪಂಚಾಯಿತಿ ತೆಗೆದಿರಿಸಬೇಕಾದ ಶೇ 5ರ ಹಣವಿದೆ. ಅದರಲ್ಲಿ ಈ ಕೆಲಸ ಮಾಡಿಸಬಹುದೇ, ಬೇರೆ ಲೆಕ್ಕದಿಂದ ಮಾಡಿಸುತ್ತಾರೆಯೇ ಎಂದು ಪಿಡಿಓ ಅವರನ್ನು ಗ್ರಾಮ ಸಭೆಯಲ್ಲೇ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಕೇಳುವಾಗ ಅಳತೆ ಹೇಳಿ ಕೇಳಬೇಕು: ಬಾಗಿಲು ಕನಿಷ್ಠ 900 ಮಿಲಿಮೀಟರ್ ಅಗಲ, ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಬರಿದೇ ರ್ಯಾಂಪ್ ಬೇಕೆಂದರೆ, ಗಾಡಿ ಹತ್ತಿಸುವಷ್ಟು ಕಡಿದಾಗಿ ಸಿಮೆಂಟು ಸುರಿದು ಬಿಲ್ಲು ಮಾಡಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದ ತಂದೆ

ಮೂವರಿಗೂ ವಂದನೆಗಳು. ಸೋಮವಾರ ಅರ್ಜಿ ಕೊಟ್ಟೆ. ಟಪಾಲಿನಲ್ಲಿ ಮೊಹರು ಬಿತ್ತು. ಗುಬ್ಬಿಯ ಅಕ್ಕ ಹೇಳಿದಂತೆ ಮಗಳನ್ನೂ ಕರೆದೊಯ್ದಿದ್ದೆವು. ಬೇಡ ಎನ್ನಲಿಲ್ಲ, ಮಧ್ಯಾಹ್ನದವರೆಗೆ ಮೊದಲ ಬೆಂಚಿನ ಪಕ್ಕ ಕುರ್ಚಿಯಲ್ಲೇ ಕುಳಿತಿದ್ದಳು. ಹಿಂಬರಹ ಇನ್ನೂ ಬಂದಿಲ್ಲ, ಗ್ರಾಮ ಸಭೆಯ ದಿನಾಂಕವನ್ನೂ ಹಾಕಿಲ್ಲ.

ಟೇಪು ಹಿಡಿದು ಅಳೆದೆ. ಶೌಚಾಲಯದ ಚೌಕಟ್ಟಿನ ಒಳ ಅಳತೆ 24 ಅಂಗುಲ, ಗಾಲಿಕುರ್ಚಿ 25. ಇದನ್ನೂ ಗ್ರಾಮ ಸಭೆಗೆ ಕೊಡುವ ಅರ್ಜಿಯಲ್ಲಿ ಬರೆದಿದ್ದೇನೆ.