ಮೆದುಳಿನ ರಕ್ತನಾಳ ಬಿಗಿದಾಗ: ಜಪಾನಿನ ಔಷಧಿಯನ್ನು ತರಿಸಬೇಕೇ?

ಪ್ರಶ್ನೆ: ಡಾಕ್ಟರೇ, ನನ್ನ ತಾಯಿಗೆ 58 ವರ್ಷ. ಮೆದುಳಿನ ರಕ್ತನಾಳದ ಗುಳ್ಳೆ ಒಡೆದು ಮೆದುಳಿನ ಸುತ್ತ ರಕ್ತಸ್ರಾವವಾಗಿತ್ತು. ಮರುದಿನವೇ ಕಾಯಿಲ್ (ತೆಳು ಲೋಹದ ಸುರುಳಿ) ಹಾಕಿ ಗುಳ್ಳೆಯನ್ನು ಮುಚ್ಚಿದರು. ಐದು ದಿನ ಚೆನ್ನಾಗಿ ಮಾತನಾಡುತ್ತಿದ್ದರು. ಇಂದು, ಆರನೆಯ ದಿನ ಬೆಳಿಗ್ಗೆ, ನರ್ಸ್ ಎರಡೂ ಕೈ ಎತ್ತಿ ಹಿಡಿಯಲು ಹೇಳಿದಾಗ ಬಲಗೈ ಮೆಲ್ಲನೆ ಕೆಳಗೆ ಜಾರಿತು. ರಕ್ತನಾಳ ಕಿರಿದಾಗಿದೆ, ವಾಸೋಸ್ಪಾಸಂ ಎನ್ನುತ್ತಾರೆ. ಜಪಾನಿನಲ್ಲಿ ಕ್ಲಾಜೊಸೆಂಟಾನ್ ಎಂಬ ಔಷಧಿ ಇದೆಯಂತೆ. ಸಾಲ ಮಾಡಿಯಾದರೂ ತರಿಸಲೇ?

ಉತ್ತರ: ಸಾಲ ಮಾಡಬೇಡಿ. ಕಾರಣ ಹೇಳುತ್ತೇನೆ.

ಸೋರಿದ ರಕ್ತ ಒಡೆಯುತ್ತಾ ಹೋದಂತೆ ಹಿಮೋಗ್ಲೋಬಿನ್ ಹೊರಬಂದು, ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ನಾಳವನ್ನು ಬಿಗಿಯುವ ಎಂಡೋಥೀಲಿನ್ ಹೆಚ್ಚುತ್ತದೆ. ಇದಕ್ಕೆ ದಿನಗಳು ಬೇಕು. ಹಾಗಾಗಿಯೇ ತೊಂದರೆ ಸಾಮಾನ್ಯವಾಗಿ 4ರಿಂದ 14ನೆಯ ದಿನದೊಳಗೆ ಬರುತ್ತದೆ.

ಕ್ಲಾಜೊಸೆಂಟಾನ್ ತಡೆಯುವುದು ಆ ಎಂಡೋಥೀಲಿನನ್ನೇ. ಮೊದಲ ಪರೀಕ್ಷೆಗಳಲ್ಲಿ ಆಂಜಿಯೋಗ್ರಾಮಿನ ಚಿತ್ರ ಎಷ್ಟು ಸುಧಾರಿಸಿತೆಂದರೆ ನಾವೆಲ್ಲ ಸಂಭ್ರಮಿಸಿದ್ದೆವು. ಆದರೆ 2011ರಲ್ಲಿ ಪ್ರಕಟವಾದ ಕಾನ್ಶಿಯಸ್-2 ಪರೀಕ್ಷೆಯಲ್ಲಿ ರೋಗಿಗಳ ಚೇತರಿಕೆ ಹೆಚ್ಚಲಿಲ್ಲ. ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿತು, ಬಿಪಿ ಕುಸಿಯಿತು. ಜಪಾನಿನ ಪರೀಕ್ಷೆಗಳಲ್ಲಿ ಪ್ರಯೋಜನ ಕಂಡು 2022ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಬಳಿಕ ಬಂದ ಇದೇ ಔಷಧಿಯ ರಿಯಾಕ್ಟ್ ಪರೀಕ್ಷೆ ಮತ್ತೆ ಗುರಿ ಮುಟ್ಟಲಿಲ್ಲ. ನಾಳ ತೆರೆದುಕೊಂಡ ಮಾತ್ರಕ್ಕೆ ಮೆದುಳು ಉಳಿಯಿತು ಎನ್ನುವಂತಿಲ್ಲ. ಸೂಕ್ಷ್ಮನಾಳಗಳು ಕಟ್ಟಿಕೊಳ್ಳುವುದು, ಉರಿಯೂತ ಇವೂ ಇರುತ್ತವೆ. ಮೆಗ್ನೀಸಿಯಂ, ಕೊಲೆಸ್ಟ್ರಾಲ್ ಮಾತ್ರೆಯಾದ ಸಿಮ್ವಾಸ್ಟಾಟಿನ್ ಕೂಡ ದೊಡ್ಡ ಪರೀಕ್ಷೆಗಳಲ್ಲಿ ಸೋತವು.

ನನಗೆ ಭರವಸೆ ಮೂಡಿಸಿದ್ದು ಔಷಧಿಯಲ್ಲ, ಬೆನ್ನಿನ ಕೆಳಭಾಗದಿಂದ ರಕ್ತ ಬೆರೆತ ಬೆನ್ನುಹುರಿಯ ನೀರನ್ನು ಹೊರತೆಗೆಯುವ ಸಣ್ಣ ನಳಿಕೆ. 2023ರ ಅರ್ಲಿಡ್ರೇನ್ ಪರೀಕ್ಷೆಯಲ್ಲಿ ಆರು ತಿಂಗಳ ನಂತರ ಸ್ಥಿತಿ ಕೆಟ್ಟದಾಗಿದ್ದವರು ನಳಿಕೆ ಇದ್ದವರಲ್ಲಿ ಶೇ. 32.6, ಇಲ್ಲದವರಲ್ಲಿ ಶೇ. 44.8. ಆದರೆ ಅದನ್ನು ಮೊದಲ 72 ಗಂಟೆಗಳೊಳಗೆ ಹಾಕಿದ್ದರು. ನಿಮ್ಮ ತಾಯಿಗೆ ಆ ಹೊತ್ತು ಮೀರಿದೆ.

ಈಗ ಅವರಿಗೆ ಬೇಕಾದದ್ದು ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದು ಮತ್ತು, ಹೃದಯ ತಡೆದುಕೊಳ್ಳುವಂತಿದ್ದರೆ, ಬಿಪಿಯನ್ನು ಉದ್ದೇಶಪೂರ್ವಕವಾಗಿ ಏರಿಸುವುದು. ಕೈ ಸುಧಾರಿಸದಿದ್ದರೆ ಕ್ಯಾತಿಟರ್ (ಸಪೂರ ಕೊಳವೆ) ಮೂಲಕ ನಾಳದೊಳಗೇ ನಾಳ ಸಡಿಲಿಸುವ ಔಷಧಿಗಳಾದ ಮಿಲ್ರಿನೋನ್ ಅಥವಾ ನಿಮೋಡಿಪಿನ್ ಕೊಡುವುದು, ಇಲ್ಲವೇ ಬಲೂನಿನಿಂದ ಹಿಗ್ಗಿಸುವುದು. ಇದನ್ನು ಇಂದೇ ಕೇಳಿ, ನಾಳೆಗೆ ಬಿಡಬೇಡಿ.

ಪ್ರಶ್ನೆ: ಧನ್ಯವಾದ ಡಾಕ್ಟರೇ. ನಿಮೋಡಿಪಿನ್ ಕೊಟ್ಟರೆ ಬಿಪಿ ಇಳಿಯುತ್ತದೆಂದು ನಿನ್ನೆ ರಾತ್ರಿ ಒಂದು ಡೋಸ್ ಬಿಟ್ಟರಂತೆ. ಯಾರಾದರೂ ಪ್ರಯೋಗಕ್ಕೆ ಸೇರಿಸುತ್ತೇವೆಂದರೆ ಒಪ್ಪಬಹುದೇ?

ಉತ್ತರ: ಚೇತರಿಕೆಯನ್ನು ಉತ್ತಮಗೊಳಿಸುತ್ತದೆಂದು 1989ರ ಬ್ರಿಟಿಷ್ ಪರೀಕ್ಷೆ ತೋರಿಸಿಕೊಟ್ಟ ಮಾತ್ರೆ ಅದು. ನಾಲ್ಕು ಗಂಟೆಗೊಮ್ಮೆ 60 ಮಿಲಿಗ್ರಾಂ, 21 ದಿನ. ಬಿಪಿ ಇಳಿದರೆ ಎರಡು ಗಂಟೆಗೊಮ್ಮೆ 30 ಮಿಲಿಗ್ರಾಂ ಕೊಡುವ ಪದ್ಧತಿ ಇದೆ. ಹಾಗೆ ಮಾಡಬಹುದೇ ಎಂದು ವಿನಯದಿಂದಲೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡ ಮೇಲಷ್ಟೇ ಸಹಿ ಹಾಕಿ. ಸಂಜೆ ಕೈ ಹೇಗಿದೆ ಎಂದು ಇಲ್ಲಿ ಬರೆಯಿರಿ, ನೋಡುತ್ತಿರುತ್ತೇನೆ.