ಹುಲ್ಲಿಗೆ ನೀರು

"ಶರಣಪ್ಪ ದಿನಾ ಮಧ್ಯಾಹ್ನ ಪ್ಲಾಸ್ಟಿಕ್ ಹುಲ್ಲಿಗೆ ನೀರು ಹಾಕ್ತಾನೆ," ಎಂದರು ಖಾಜಾ ಭಾಯ್, ಸುಸಲಾ ಪ್ಲೇಟಿಗೆ ಕೈ ಹಾಕುತ್ತಾ.

"ಬೆಳೀಲಿ ಅಂತಾನಾ?" ಮಾಸ್ತರು ಕೇಳಿದರು.

ಶರಣಪ್ಪನಿಗೆ ಸಿಟ್ಟು ಬಂತು. "ಮಾಳಿಗೆ ಮೇಲೆ ಹಸಿರಿದ್ದರೆ ಮನೆ ತಂಪು, ಪರಿಸರಕ್ಕೂ ಒಳ್ಳೇದು ಅಂತ ವಿಡಿಯೋದಲ್ಲಿ ನೋಡಿದೆ. ತರಿಸಿ ಹಾಸಿದೆ. ಏಪ್ರಿಲ್ ಬಂತು ನೋಡಿ, ಕಾಲಿಟ್ಟರೆ ಬೊಬ್ಬೆ! ಅದಕ್ಕೇ ನೀರು."

ಬೇಸಿಗೆಯಲ್ಲಿ ನಮ್ಮ ಕಲಬುರಗಿ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ಶುರುವಾಗಿ 1:30ಕ್ಕೆ ಮುಗಿಯುತ್ತದಲ್ಲ. ಆಮೇಲೆ ಅವನಿಗೆ ಹುಲ್ಲಿನದೇ ಡ್ಯೂಟಿ.

"ಆ ವಿಡಿಯೋದ ಹುಲ್ಲಿಗೆ ಜೀವ ಇತ್ತಪ್ಪ," ಎಂದರು ಮಾಸ್ತರು. "ಜೀವ ಇರೋ ಹುಲ್ಲು ಬೇರಿನಿಂದ ನೀರು ಕುಡಿದು ಎಲೆಯಿಂದ ಆವಿ ಬಿಡುತ್ತೆ, ಅದರಿಂದ ತಂಪು. ನಿಂದು ಬಿಸಿಲು ಕುಡಿದು ಸುಮ್ನೆ ಕೂರುತ್ತೆ. ಹಾಕಿ ಮೈದಾನದ ಪ್ಲಾಸ್ಟಿಕ್ ಹುಲ್ಲಿಗೂ ನೀರು ಹೊಡೀತಾರೆ, ಚೆಂಡು ಜೋರಾಗಿ ಓಡಲಿ ಅಂತ. ನಿನ್ನ ಮಾಳಿಗೆ ಮೇಲೆ ಯಾರು ಹಾಕಿ ಆಡ್ತಾರೆ?"

"ಮೊನ್ನೆ ಪಕ್ಕದ ಮನೆ ಆಡು ಮೆಟ್ಟಿಲು ಹತ್ತಿ ಬಂದಿತ್ತು," ಮಲ್ಲಣ್ಣ ಶುರು ಮಾಡಿದ. "ಒಂದು ಸಲ ಬಾಯಿ ಹಾಕಿತು. ಆಮೇಲೆ ಇವನ ಮುಖ ನೋಡಿತು. ಮಾಸ್ತರು ನಮಗೆ ಗಣಿತದ ಪೇಪರ್ ವಾಪಸ್ ಕೊಡುವಾಗ ನೋಡ್ತಿದ್ರಲ್ಲ, ಥೇಟ್ ಹಂಗೇ."

"ಹಂಗಾದ್ರೆ ಊರು ಸುಧಾರಿಸೋದೇ ಬೇಡ್ವಾ? ಸಿಂಗಪುರದಲ್ಲಿ ಕಟ್ಟಡದ ಮೇಲೆಲ್ಲ ಗಿಡ ಇವೆ."

"ಅಲ್ಲಿ ವರ್ಷವಿಡೀ ಮಳೆ," ಎಂದರು ಮಾಸ್ತರು. "ನಮ್ಮಂಥ ಬಿಸಿಲೂರು ಅಂದ್ರೆ ಅಹಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಗೆ ಅಲ್ಲಿ ಬಹಳ ಜನ ಸತ್ತರು. 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿದರು. ಮುಂದೆ ಬಡವರ ಮಾಳಿಗೆಗಳಿಗೆ ಬಿಳಿ ಸುಣ್ಣ ಬಳಿದರು. ಬಿಳಿ ಬಣ್ಣ ಬಿಸಿಲನ್ನ ಬಂದ ದಾರೀಲೇ ವಾಪಸ್ ಕಳಿಸುತ್ತೆ. ಖರ್ಚು ಎಷ್ಟು? ಸುಣ್ಣ, ಒಂದು ಬ್ರಷ್."

"ಸುಣ್ಣದ ಫೋಟೋ ಚೆನ್ನಾಗಿ ಬರಲ್ಲ," ಎಂದ ಶರಣಪ್ಪ.

ಖಾಜಾ ಭಾಯ್ ಚಾ ಹೀರಿ ಇತಿಹಾಸಕ್ಕೆ ಇಳಿದರು. "ಬಹಮನಿಗಳು 1347ರಲ್ಲಿ ಇಲ್ಲಿ ರಾಜಧಾನಿ ಮಾಡಿದರು. ಆಮೇಲೆ ಬೀದರಿಗೆ ಓಡಿದರು. ಯಾಕೆ? ಈ ಬಿಸಿಲಿಗೇ. ಇದು ನನ್ನ ಸ್ವಂತ ಸಂಶೋಧನೆ."

"ಓಡಿಹೋದವರು ಅಲ್ಲಿ ಪ್ಲಾಸ್ಟಿಕ್ ಹಾಸಲಿಲ್ಲ ಭಾಯ್," ಎಂದರು ಮಾಸ್ತರು. "ಬೀದರಿನ ನೌಬಾದಿನಲ್ಲಿ ನೆಲದಡಿ ಸುರಂಗ ಕೊರೆದರು, ಕರೇಜ್. ಮೋಟರಿಲ್ಲ, ಕರೆಂಟಿಲ್ಲ. ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುತ್ತಿತ್ತು. ನೆಲದಡಿ ಇದ್ದದ್ದಕ್ಕೆ ಬಿಸಿಲಿಗೂ ಸಿಗಲಿಲ್ಲ."

"ಅಷ್ಟು ದೂರ ಯಾಕೆ," ಎಂದ ಮಲ್ಲಣ್ಣ. "ನಮ್ಮಪ್ಪನ ಮನೇಲಿ ಮಣ್ಣಿನ ಮಾಳಿಗೆ, ಮೊಳದುದ್ದ ದಪ್ಪದ ಗೋಡೆ, ಕೆಳಗೆ ನೆಲಕ್ಕೆ ಶಹಾಬಾದ್ ಕಲ್ಲಿನ ಪರಸಿ. ಮಧ್ಯಾಹ್ನ ಅಂಗಿ ಬಿಚ್ಚಿ ಪರಸಿಗೆ ಬೆನ್ನು ಹಚ್ಚಿದರೆ ಸಾಕು, ಹಾಯ್! ರಾತ್ರಿ ಮಾಳಿಗೆ ಮೇಲೆ ಎಲ್ಲರದೂ ಒಂದೇ ಸಾಲಿನಲ್ಲಿ ಹಾಸಿಗೆ. ಮಾಳಿಗೆಯಿಂದ ಮಾಳಿಗೆಗೆ ಸುದ್ದಿ ದಾಟ್ತಿತ್ತು. ಬೆಳಗಾಗೋದರೊಳಗೆ ಓಣಿಯ ಅಷ್ಟೂ ಜಗಳ ಗೊತ್ತು."

"ಆ ಮನೆ ಏನಾಯ್ತು?"

"ನಾನೇ ಕೆಡವಿ ಆರ್‌ಸಿಸಿ ಹಾಕಿಸಿದೆ. ಈಗ ಎರಡು ಕೂಲರ್ ಸಾಲಲ್ಲ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ."

ಸ್ವಲ್ಪ ಹೊತ್ತು ಯಾರೂ ಮಿರ್ಚಿಗೆ ಕೈ ಹಾಕಲಿಲ್ಲ. ನಮ್ಮ ಗುಂಪಿನಲ್ಲಿ ಇದು ಬಹಳ ಅಪರೂಪ.

"ಒಂದು ಬೇವು ಹಚ್ಚು ಶರಣಪ್ಪ," ಕೊನೆಗೆ ಮಾಸ್ತರು ಅಂದರು. "ನಮ್ಮ ಮಣ್ಣಿಗೆ ಒಗ್ಗಿದ ಮರ. ಬೇರು ಹಿಡಿಯೋ ತನಕ ಒಂದೆರಡು ಬೇಸಿಗೆ ನೀರು ಹಾಕಿದರೆ ಆಯ್ತು."

"ಬೇವು ಎಲೆ ಉದುರಿಸುತ್ತೆ ಮಾಸ್ತರ್ರೇ. ಅಂಗಳ ತುಂಬಾ ಕಸ. ಮನೆಯವಳು ಬೈತಾಳೆ. ಎಲೆ ಉದುರದಿರೋ ಬೇವು ಯಾವುದಾದರೂ ಇದೆಯಾ?"

"ಇದೆಯಲ್ಲ. ಕಾರ್ ನಿಲ್ಲಿಸೋಕೆ ಜಾಗ ಬೇಕು ಅಂತ ಹೋದ ವರ್ಷ ಗೇಟಿನ ಮುಂದೆ ಕಡಿಸಿದೆಯಲ್ಲ, ಅದು. ಅವತ್ತಿಂದ ಒಂದೂ ಎಲೆ ಉದುರಿಲ್ಲ."